ಕಾಪುವಿಗೆ ಹೋದ ಏಳು ಕಾಳು

ತಪ್ಪು ನನ್ನದೇ. ಮೊದಲು ಫಾರ್ಮ್ ತುಂಬಿಸಿ, ಆಮೇಲೆ ಕಣ್ಣಿಗೆ ಹನಿ ಹಾಕಿಸಿಕೊಳ್ಳಬೇಕಿತ್ತು. ಎಂಬತ್ತು ದಾಟಿದರೂ ಅವಸರ ಬಿಟ್ಟಿಲ್ಲ, ಉಲ್ಟಾ ಮಾಡಿದೆ. ಕ್ಯಾಟರ್ಯಾಕ್ಟ್ ಆಪರೇಶನ್ನಿಗೆಂದು ಮಣಿಪಾಲದ ಆಸ್ಪತ್ರೆಯ ಬೆಳ್ಳನೆಯ ಹಾಲ್‌ನಲ್ಲಿ ಕೂತಿದ್ದೆ. ಕಾಗದದ ಮೇಲಿನ ಅಕ್ಷರಗಳು ನೀರಿಗೆ ಬಿದ್ದ ಇರುವೆಗಳ ಹಾಗೆ ಅತ್ತಿತ್ತ ಹರಿಯತೊಡಗಿದವು. ಹೆಸರು, ವಯಸ್ಸು, ಪರ್ಕಳದ ವಿಳಾಸ, ಇಷ್ಟನ್ನು ಅಂದಾಜಿನಲ್ಲಿ ಗೀಚಿದೆ. ಮುಂದಿನದಕ್ಕೆ ಪೆನ್ನು ನಿಂತಿತು.

“ಅಮ್ಮಾ, ಈ ಕಾಲಂ ಖಾಲಿ ಬಿಟ್ಟಿದ್ದೀರಿ,” ಎಂದಳು ಕೌಂಟರಿನ ಹುಡುಗಿ. “ಹತ್ತಿರದ ಸಂಬಂಧಿಕರ ಹೆಸರು. ಅದು ಬೇಕೇ ಬೇಕು.”

“ನನಗೆ ಮದುವೆ ಆಗಿಲ್ಲ ಮಗಾ. ಒಬ್ಬ ತಮ್ಮ ಇದ್ದ, ತೀರಿಹೋದ.”

“ಹಾಗಾದ್ರೆ ನಿಲ್, ಯಾರೂ ಇಲ್ಲ ಅಂತ ಹಾಕ್ಲಾ?”

“ಬೇಡ!” ಎಂದೆ. ಸ್ವಲ್ಪ ಜೋರೇ ಆಯಿತು. ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು. “ಬೇಡ, ಖಾಲಿ ಇರಲಿ. ನನ್ನ ಜೊತೆ ಬಂದವಳು ಔಷಧದ ಕ್ಯೂನಲ್ಲಿದ್ದಾಳೆ. ಅವಳು ಬರಲಿ.”

ಹುಡುಗಿ ಪಾಪ, ಆಯಿತೆಂದು ತಲೆಯಾಡಿಸಿದಳು. ನಾನು ಕಣ್ಣು ಮುಚ್ಚಿ ಒರಗಿದೆ. ಮಡಿಲಲ್ಲಿದ್ದ ಬ್ಯಾಗಿನಿಂದ ಹಸಿ ಭತ್ತದ ತೆನೆಯ ವಾಸನೆ ಬಂತು. ಹಾಲು ತುಂಬಿದ ಎಳೆ ಕಾಳಿನ ವಾಸನೆ. ಅದಕ್ಕೆ ಬೇರೆ ಹೆಸರಿಲ್ಲ. ಮೊಂತಿ ಫೆಸ್ಟ್ ಕಳೆದು ಎರಡೇ ದಿನವಾಗಿತ್ತು. ಮೊಂತಿ ಫೆಸ್ಟ್ ಎಂದರೆ ಮಾತೆ ಮರಿಯಳ ಹುಟ್ಟುಹಬ್ಬ. ನಮ್ಮ ಕೊಂಕಣಿ ಕ್ಯಾಥೊಲಿಕರಿಗೆ ಅದೇ ಹೊಸ ಬೆಳೆಯ ಹಬ್ಬವೂ ಹೌದು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿ ಕೊಟ್ಟ ತೆನೆ ನನ್ನ ಬ್ಯಾಗಿನಲ್ಲಿತ್ತು. ‘ನಿಲ್’ ಎಂಬ ಆ ಶಬ್ದವೂ ಈ ವಾಸನೆಯೂ ಒಟ್ಟಿಗೆ ಬಂದರೆ ನನಗೆ ನೆನಪಾಗುವುದು ಒಂದೇ ಮಳೆಗಾಲ.

ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿತ್ತಷ್ಟೆ. ಉಡುಪಿಯ ಕಡಿಯಾಳಿಯಲ್ಲಿ ನಮ್ಮ ಮನೆ. ನಾನು ಕಾನ್ವೆಂಟಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ್ದೆ. ಟೀಚರ್ಸ್ ಟ್ರೈನಿಂಗ್ ಸೀಟು ಮುಂದಿನ ವರ್ಷಕ್ಕೆ ಎಂದಾಗ ಪಪ್ಪ ನನ್ನನ್ನು ಸುಮ್ಮನೆ ಮನೆಯಲ್ಲಿ ಕೂರಿಸಲಿಲ್ಲ. ಕಾರ್ಕಳದ ರಸ್ತೆಯಲ್ಲಿ, ಕೆಂಪು ಮುರಕಲ್ಲಿನ ಒಂದು ಬೋಳು ಗುಡ್ಡದ ಮೇಲೆ ಸಿಸ್ಟರುಗಳು ನಡೆಸುವ ಅನಾಥಾಲಯವಿತ್ತು. ನಾವು ಅದನ್ನು ‘ಹೋಮ್’ ಎನ್ನುತ್ತಿದ್ದೆವು. ಅಲ್ಲಿಯ ಮದರ್ ಕ್ಲೆಮೆನ್ಸ್ ಅವರಿಗೆ ಕಾಗದಪತ್ರ ಬರೆಯಲು ಒಂದು ಒಳ್ಳೆಯ ಹ್ಯಾಂಡ್‌ರೈಟಿಂಗ್ ಬೇಕಾಗಿತ್ತು. ನನ್ನಲ್ಲಿ ಇದ್ದದ್ದು ಅದೊಂದೇ. ಮೇ ಕೊನೆಯಲ್ಲಿ ಒಂದು ಟ್ರಂಕು, ಒಂದು ಕೊಡೆ ಹಿಡಿದು ಹೋದೆ.

ಹೋಮಿನಲ್ಲಿ ನಲವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು. ಘಟ್ಟದ ಮೇಲಿನ ಕಾಫಿ ಎಸ್ಟೇಟುಗಳಲ್ಲಿ ಜ್ವರ ಬಂದು ತಂದೆತಾಯಿ ಹೋದವರು, ಹೆರಿಗೆಯಲ್ಲಿ ತಾಯಿ ಸತ್ತು ತಂದೆ ಊರುಬಿಟ್ಟವರು, ಇಗರ್ಜಿಯ ಮೆಟ್ಟಿಲಲ್ಲಿ ಸಿಕ್ಕಿದವರು. ಅವರನ್ನೆಲ್ಲ ಕೊನೆಯವರೆಗೆ ಸಾಕುವ ಶಕ್ತಿ ಅಲ್ಲಿರಲಿಲ್ಲ. ಮನೆ ಹುಡುಕಿ ಕಳಿಸುವುದೇ ಕೆಲಸ. ಊರೂರಿನ ಪಾದ್ರಿಗಳಿಂದ ಪತ್ರ ಬರುತ್ತಿತ್ತು: ಮಕ್ಕಳಿಲ್ಲದ ಇಂಥ ದಂಪತಿ ಉಂಟು, ಒಂದು ಸಣ್ಣ ಹೆಣ್ಣು ಸಿಕ್ಕಿದರೆ ಸಾಕುತ್ತಾರೆ. ಎಲ್ಲರಿಗೂ ಬೇಕಾದದ್ದು ಒಂದು, ಮತ್ತು ಸಣ್ಣದು. ಎಂಟು ಒಂಬತ್ತು ದಾಟಿದವರನ್ನು ಕೇಳುವವರು ಬೇರೆ. ಬೊಂಬಾಯಿಯಿಂದ, ಬೆಂಗಳೂರಿನಿಂದ ಅವರ ಪತ್ರ ಬರುತ್ತಿತ್ತು. ‘ಮನೆಯ ಮಗಳ ಹಾಗೆ ನೋಡಿಕೊಳ್ಳುತ್ತೇವೆ, ಸ್ವಲ್ಪ ಕೆಲಸಕ್ಕೂ ಆಗುತ್ತದೆ’ ಎಂದು ಬರೆದಿರುತ್ತಿದ್ದರು. ಹಿಂದಿನ ವರ್ಷ ಅಪ್ಪೊಲಿನ್ ಎಂಬ ಹುಡುಗಿ ಹಾಗೆ ಬೊಂಬಾಯಿಗೆ ಹೋಗಿದ್ದಳಂತೆ. ಅವಳಿಂದ ಎರಡು ಕಾಗದ ಬಂತು, ಮೂರನೆಯದು ಬರಲಿಲ್ಲ. ಮದರ್ ಆ ಎರಡನ್ನೂ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು.

ನನಗೆ ಸಿಕ್ಕಿದ ಮೊದಲ ಕೆಲಸ ಫಾರ್ಮುಗಳದು. ಮದರ್ ಪೆನ್ಸಿಲಿನಲ್ಲಿ ಬರೆದಿಟ್ಟ ಹನ್ನೆರಡು ಡ್ರಾಫ್ಟುಗಳನ್ನು ಇಂಕಿನಲ್ಲಿ ಫೇರ್ ಕಾಪಿ ಮಾಡಬೇಕು. ಮಗುವಿನ ಹೆಸರು, ವಯಸ್ಸು, ಜ್ಞಾನಸ್ನಾನ ಆದ ಇಗರ್ಜಿ, ಆರೋಗ್ಯ, ಸ್ವಭಾವ. ನಾನು ಬಂದು ಮೂರು ದಿನವಾಗಿತ್ತು; ಮಕ್ಕಳಲ್ಲಿ ಒಬ್ಬರ ಮುಖವೂ ಗೊತ್ತಿರಲಿಲ್ಲ. ಹೊರಗೆ ಮಳೆಗೆ ಮುಂಚಿನ ಕಾವು, ಒಳಗೆ ನನ್ನ ಚಂದದ ಕರ್ಸಿವ್. ಎಂಟನೆಯದೋ ಒಂಬತ್ತನೆಯದೋ ಫಾರ್ಮಿನಲ್ಲಿ ‘ಒಡಹುಟ್ಟಿದವರು’ ಎಂಬ ಕಾಲಂ ಡ್ರಾಫ್ಟಿನಲ್ಲಿ ಖಾಲಿ ಇತ್ತು.

ಕಾನ್ವೆಂಟಿನಲ್ಲಿ ನಮ್ಮ ಇಂಗ್ಲಿಷ್ ಸಿಸ್ಟರ್ ಆರು ವರ್ಷ ನಮ್ಮ ಬೆರಳ ಗೆಣ್ಣಿಗೆ ಫುಟ್‌ರೂಲರಿನಿಂದ ಬಡಿದು ಕಲಿಸಿದ್ದ ಪಾಠವೊಂದಿತ್ತು: ಸುಶಿಕ್ಷಿತ ಹುಡುಗಿ ಯಾವ ಫಾರ್ಮಿನಲ್ಲೂ ಖಾಲಿ ಜಾಗ ಬಿಡುವುದಿಲ್ಲ, ಬರೆಯಲು ಏನೂ ಇಲ್ಲದಿದ್ದರೆ ‘ನಿಲ್’ ಎಂದು ಬರೆಯುತ್ತಾಳೆ. ನಾನು ಎರಡನೆಯ ಯೋಚನೆಯೇ ಮಾಡಲಿಲ್ಲ. ಬಾಲವನ್ನು ಸ್ವಲ್ಪ ಸೊಟ್ಟ ಎಳೆದು ಚಂದದ ಒಂದು ‘ನಿಲ್’ ಬರೆದೆ. ಅದು ಮೊನಿಕಾ ಎಂಬ ನಾಲ್ಕು ವರ್ಷದ ಮಗುವಿನ ಫಾರ್ಮು. ಬ್ಲಾಟಿಂಗ್ ಪೇಪರ್ ಒತ್ತಿದೆ. ಮದರ್ ಹನ್ನೆರಡಕ್ಕೂ ಒಟ್ಟಿಗೆ ಸಹಿ ಹಾಕಿ, “ಗ್ರೇಸಿ, ನಿನ್ನ ಅಕ್ಷರ ನೋಡಿದರೆ ಬಿಶಪರೂ ಖುಷಿಪಡುತ್ತಾರೆ,” ಎಂದರು. ಆ ಮೆಚ್ಚುಗೆಯಲ್ಲಿ ನಾನು ಎರಡು ದಿನ ತೇಲಿದೆ.

ಜೂನ್ ಬಂತು. ಆ ಗುಡ್ಡದ ಮೇಲೆ ಮಳೆ ಅಡ್ಡ ಬೀಳುತ್ತಿತ್ತು, ಮೇಲಿನಿಂದ ಅಲ್ಲ. ನಲವತ್ತು ಫ್ರಾಕುಗಳು ಒಣಗುವ ಮಾತೇ ಇಲ್ಲ. ಅಡುಗೆಮನೆಯ ಒಲೆಯ ಮೇಲೆ ಹಗ್ಗ ಕಟ್ಟಿ ನೇತು ಹಾಕುವುದು. ಅದರಿಂದ ಹೋಮಿನ ಎಲ್ಲ ಮಕ್ಕಳ ಮೈಯಲ್ಲೂ ಹೊಗೆಯ ವಾಸನೆ, ಹುರುಳಿ ಸಾರಿನ ವಾಸನೆ. ಅಡುಗೆಯ ಸೆರಫಿನ್‌ಬಾಯಿ ಆ ಬಟ್ಟೆಗಳ ಕೆಳಗೆ ಬಗ್ಗಿ ಬಗ್ಗಿ ಓಡಾಡಿ, “ನನ್ನ ಕರ್ಮ ನೋಡು ಮಾರಾಯ್ತಿ, ಗಂಜಿ ಬಸಿಯಲಿಕ್ಕೂ ನಲವತ್ತು ಚಡ್ಡಿಗೆ ನಮಸ್ಕಾರ ಮಾಡಬೇಕು,” ಎನ್ನುತ್ತಿದ್ದಳು. ಮಕ್ಕಳು ನಕ್ಕು ನಕ್ಕು ಬೀಳುತ್ತಿದ್ದರು.

ಅಲ್ಲಿ ಪ್ರತಿಯೊಂದು ಸಣ್ಣ ಮಗುವಿಗೂ ಒಬ್ಬ ದೊಡ್ಡ ಹುಡುಗಿಯನ್ನು ಗೊತ್ತು ಮಾಡುವ ಕ್ರಮವಿತ್ತು. ತಲೆ ಬಾಚುವುದು, ಹೇನು ತೆಗೆಯುವುದು, ಊಟ ಮಾಡಿಸುವುದು ಅವಳದೇ. ಹಾಗಾಗಿ ಒಂಬತ್ತು ವರ್ಷದ ಲೂಸಿ ಪುಟ್ಟ ಮೊನ್ನಿಯನ್ನು, ಅಂದರೆ ಆ ಮೊನಿಕಾಳನ್ನು, ಸೊಂಟದ ಮೇಲೆ ಎತ್ತಿಕೊಂಡು ತಿರುಗುತ್ತಿದ್ದಾಗ ನಾನು ವಿಶೇಷವೇನನ್ನೂ ಕಾಣಲಿಲ್ಲ. ಎಲ್ಲರ ಸೊಂಟದಲ್ಲೂ ಒಂದೊಂದು ಇತ್ತು. ಲೂಸಿ ಕಡ್ಡಿಯಂಥ ಹುಡುಗಿ, ಮಾತು ಕಡಿಮೆ, ಎರಡು ಜಡೆ. ಮೊನ್ನಿಗೆ ಬಾಯಿ ಮುಚ್ಚಿ ಗೊತ್ತಿಲ್ಲ.

ಜುಲೈಯಲ್ಲಿ ಒಂದು ಗುರುವಾರ ಮೊನ್ನಿಯನ್ನು ಕರೆದುಕೊಂಡು ಹೋಗಲು ಕಾಪುವಿನಿಂದ ಬಂದರು. ಪಾಸ್ಕಲ್ ಮತ್ತು ಎಲಿಜಾಬಾಯಿ. ಕಾಪುವಿನಲ್ಲಿ ರಸ್ತೆಬದಿಗೆ ಅವರದೊಂದು ಸೋಡಾ ಅಂಗಡಿ, ಹಿಂದೆಯೇ ಮನೆ. ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಿಲ್ಲ. ಪಾಸ್ಕಲ್ ಮುಖ ಗಂಟಿಕ್ಕಿ ಬೆಂಚಿನ ತುದಿಯಲ್ಲಿ ಕೂತರು. ಎಲಿಜಾಬಾಯಿ ಮಾತ್ರ ಮೊನ್ನಿಯನ್ನು ನೋಡಿದ್ದೇ, “ಅಯ್ಯೋ, ಇಷ್ಟು ಸಣ್ಣ ಕಿವಿಯಾ!” ಎಂದು ನಕ್ಕು, ಕಣ್ಣು ಒರೆಸಿಕೊಂಡು, ಚೀಲದಿಂದ ಸೋಡಾ ಬಾಟ್ಲಿಯ ಹಸಿರು ಗೋಲಿ ತೆಗೆದು ಕೊಟ್ಟರು. ಮೊನ್ನಿ ಗೋಲಿಯನ್ನು ಬೆಳಕಿಗೆ ಹಿಡಿದಳು. “ಲೂಸೀ, ಒಳಗೆ ಸಮುದ್ರ ಉಂಟು!” ಎಂದು ಕೂಗಿದಳು.

ಹೊರಡುವ ಮಕ್ಕಳಿಗೆ ಹೋಮಿನಿಂದ ಎರಡು ಫ್ರಾಕು, ಒಂದು ತುವಾಲು, ಒಂದು ಜಪಮಾಲೆ. ಎಲ್ಲರೂ ಜಗಲಿಯಲ್ಲಿ ಸಾಲಾಗಿ ನಿಂತು ಹಾಡಿ ಕಳಿಸುವುದು ಪದ್ಧತಿ. ಕೊಡೆಗಳೆರಡು ಇಳಿಜಾರಿನಲ್ಲಿ ಮರೆಯಾಗುವವರೆಗೆ ಹಾಡಿದರು. ಲೂಸಿಯೂ ಹಾಡಿದಳು. ಆಮೇಲೆ ನನ್ನ ಹತ್ತಿರ ಬಂದು ನಿಂತಳು.

“ಗ್ರೇಸಿಬಾಯಿ, ಮೊನ್ನಿಯ ಕಾಗದ ಬರೆದದ್ದು ನೀವಲ್ವಾ?”

“ಹೌದು.”

“ಅದರಲ್ಲಿ ನನ್ನ ಹೆಸರು ಉಂಟಲ್ವಾ? ಅಕ್ಕ ಅಂತ?”

“ನೀನು ಅವಳನ್ನು ನೋಡಿಕೊಳ್ಳುವವಳು ಅಂತ ಫಾರ್ಮಿನಲ್ಲಿ ಬರೆಯುವುದಿಲ್ಲ ಲೂಸಿ.”

“ಅದಲ್ಲ. ನಾನು ಅವಳ ಸ್ವಂತ ಅಕ್ಕ. ನಮ್ಮ ಅಮ್ಮ ಒಂದೇ.”

ಒಡಹುಟ್ಟಿದವರು: ನಿಲ್. ಆ ಬಾಲ ಸೊಟ್ಟ ಎಳೆದ ಅಕ್ಷರ ಕಣ್ಣಿಗೆ ಬಂತು. ಲೂಸಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಉಂಟಲ್ವಾ?” ಎಂದಳು ಮತ್ತೆ.

“ಉಂಟು,” ಎಂದೆ.

“ಹಾಗಾದ್ರೆ ಕರೀತಾರೆ,” ಎಂದು ಅವಳು ಒಣಗದ ಫ್ರಾಕುಗಳನ್ನು ತಿರುವಿಹಾಕಲು ಹೋದಳು.

ಆ ರಾತ್ರಿಯಿಂದ ನನ್ನ ಊಟ ಕೆಟ್ಟಿತು. ಮದರ್ ಹತ್ತಿರ ಹೋಗಿ ಹೇಳಬೇಕು ಎಂದು ದಿನವೂ ಹೊರಡುವುದು, ಬಾಗಿಲವರೆಗೆ ಹೋಗಿ ಇಂಕಿನ ಬಾಟ್ಲಿ ಕೇಳಿ ವಾಪಸು ಬರುವುದು. ಮೂರು ಬಾಟ್ಲಿ ಇಂಕು ನನ್ನ ಮೇಜಿನಲ್ಲಿ ಸೇರಿತು. ಹದಿನೆಂಟು ವರ್ಷ, ಒಂದು ತಪ್ಪೂ ಮಾಡದ ಗುಡ್ ಗರ್ಲ್ ಎಂಬ ಹೆಸರಿನ ಮೇಲೆ ಅಷ್ಟು ಆಸೆ. ಇನ್ನು ಹೋಮಿನ ರೂಲ್ ಒಂದಿತ್ತು: ಹೋದ ಮಗುವಿಗೆ ಒಂದು ವರ್ಷ ಯಾವ ಪತ್ರವೂ ಬರೆಯಬಾರದು. ಹೊಸ ಮನೆಗೆ ಒಗ್ಗಬೇಕಲ್ಲ. ಆ ರೂಲಿನ ಹಿಂದೆ ನಾನು ಆರಾಮವಾಗಿ ಅಡಗಿದೆ.

ಲೂಸಿ ಮಾತ್ರ ಪ್ರತಿ ಸಂಜೆ ಬಸ್ಸಿನ ಹಾರ್ನು ಕೇಳಿದಾಗ ಜಗಲಿಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ಕಾಯುತ್ತಿದ್ದೇನೆ ಎಂದು ಯಾರಿಗೂ ಹೇಳಲಿಲ್ಲ. ಕೈಯಲ್ಲಿ ಒಂದು ಪೊರಕೆ ಇರುತ್ತಿತ್ತು, ಗುಡಿಸಲು ಬಂದವಳ ಹಾಗೆ.

ಆಗಸ್ಟಿನಲ್ಲಿ ಬೊಂಬಾಯಿಯ ಪತ್ರ ಬಂತು. ಒಬ್ಬ ಹೆಂಗಸಿಗೆ ಒಂಬತ್ತು ಹತ್ತು ವರ್ಷದ, ‘ಮಾತು ಕಡಿಮೆಯ, ಶುಚಿಯಾದ’ ಹುಡುಗಿ ಬೇಕು. ಹಬ್ಬಕ್ಕೆ ಊರಿಗೆ ಬಂದವರು ಹಿಂತಿರುಗುವಾಗ ಕರೆದುಕೊಂಡು ಹೋಗುತ್ತಾರೆ. ಮದರ್ ಪತ್ರವನ್ನು ಎರಡು ಸಲ ಓದಿದರು. ಡ್ರಾಯರ್ ತೆರೆದು ಅಪ್ಪೊಲಿನ್‌ಳ ಎರಡು ಕಾಗದಗಳನ್ನು ಮುಟ್ಟಿ ಮತ್ತೆ ಮುಚ್ಚಿದರು. “ಸದ್ಯ ಇರುವ ಮಕ್ಕಳಿಗೇ ಹಾಸಿಗೆ ಇಲ್ಲ ಗ್ರೇಸಿ,” ಎಂದರು, ನಾನು ಏನೂ ಕೇಳದಿದ್ದರೂ. “ಲೂಸಿಯ ಹೆಸರು ಬರಿ.”

ಮೊಂತಿ ಫೆಸ್ಟ್ ಕಳೆದು ಏಳನೆಯ ದಿನ ಅವಳು ಹೊರಡಬೇಕೆಂದಾಯಿತು. ಬೊಂಬಾಯಿಗೆ ಹೋದ ಮೇಲೆ ಕಾಪು ಎಲ್ಲಿ, ಲೂಸಿ ಎಲ್ಲಿ. ಮೊನ್ನಿ ಇನ್ನೆರಡು ವರ್ಷದಲ್ಲಿ ಅವಳ ಮುಖ ಮರೆಯುತ್ತಾಳೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಆ ಹೆಸರನ್ನು ಬರೆದೆ. ಈ ಸಲ ಅಕ್ಷರ ಚಂದ ಬರಲಿಲ್ಲ.

ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಳೆ ಬಿಟ್ಟು ಬಿಟ್ಟು ಬಿಸಿಲು ಬಂತು. ಮಕ್ಕಳು ಬೆಳಿಗ್ಗೆ ಎದ್ದು ಗುಡ್ಡವೆಲ್ಲ ಹುಡುಕಿ ಬುಟ್ಟಿ ತುಂಬ ಹೂ ತರುವುದು, ಪುಟ್ಟ ಮರಿಯಮ್ಮನ ಮೂರ್ತಿಯ ಮುಂದೆ ಹಾಡಿ ಹೂ ಎರಚುವುದು. ದಾಸವಾಳ, ಗೌರಿ ಹೂ, ಹೆಸರಿಲ್ಲದ ಹುಲ್ಲಿನ ಹೂ, ಎಲ್ಲವೂ ನಡೆಯುತ್ತದೆ. ಲೂಸಿ ಎರಡು ಬುಟ್ಟಿ ತರುತ್ತಿದ್ದಳು. ಎರಡನೆಯದು ಯಾರದು ಎಂದು ಯಾರೂ ಕೇಳಲಿಲ್ಲ.

ಹಬ್ಬದ ದಿನ ಪಾದ್ರಿ ತೆನೆ ಆಶೀರ್ವದಿಸಿದರು. ಒಂದು ಮನೆಗೆ ಒಂದು ಕಟ್ಟು. ಹೋಮಿಗೂ ಒಂದೇ ಕಟ್ಟು, ಏಕೆಂದರೆ ಅದೂ ಒಂದು ಮನೆ. ಸೆರಫಿನ್‌ಬಾಯಿ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಹಸಿ ಕಾಳು ಸುಲಿದು, ಅರೆದು, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿದಳು. ಅದೇ ನೊವೆಂ, ಹೊಸ ಅಕ್ಕಿಯ ಊಟ. ಅದನ್ನು ಬಾಯಿಗೆ ಹಾಕಿಕೊಳ್ಳದೆ ಬಾಳೆಲೆಯ ಮೇಲಿನ ಬೇರೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ಊರಲ್ಲಿಲ್ಲದ ಮನೆಯವರಿಗೂ ಪಾಲು ಉಂಟು: ಸುಲಿಯದ ಕಾಳನ್ನು ಕಾಗದದಲ್ಲಿ ಮಡಚಿ ಟಪಾಲಿನಲ್ಲಿ ಕಳಿಸುವುದು ನಮ್ಮಲ್ಲಿ ಎಲ್ಲ ಮನೆಗಳ ರೂಢಿ. ನನ್ನ ಅಪ್ಪನ ಅಣ್ಣ ರಂಗೂನಿನಲ್ಲಿದ್ದಾಗ ಅಜ್ಜಿ ಅಲ್ಲಿಗೂ ಕಳಿಸಿದ್ದರಂತೆ.

“ಮೊನ್ನಿಯ ಪಾಲು?” ಎಂದು ಲೂಸಿ ಕೇಳಿದಳು.

ಸೆರಫಿನ್‌ಬಾಯಿ ಸೌಟು ಕೆಳಗಿಟ್ಟಳು. “ಮಗಾ, ನೊವೆಂ ಮನೆಯವರಿಗೆ ಮಾತ್ರ. ಮೊನ್ನಿ ಈಗ ಅವಳ ಮನೆಯಲ್ಲಿ ತಿನ್ನುತ್ತಾಳೆ.”

“ನಾನು ಅವಳ ಮನೆಯವಳಲ್ವಾ?”

ಸೆರಫಿನ್‌ಬಾಯಿ ಕಟ್ಟಿನಲ್ಲಿ ಉಳಿದಿದ್ದ ಒಂದು ತೆನೆಯನ್ನು ಲೂಸಿಯ ಕೈಗೆ ಕೊಟ್ಟು, ಒಲೆಯ ಕಡೆ ತಿರುಗಿ ಊದತೊಡಗಿದಳು.

ಮಧ್ಯಾಹ್ನ ಲೂಸಿ ಆಫೀಸಿಗೆ ಬಂದು ನನ್ನ ಮೇಜಿನ ಮೇಲೆ ಕಾಳು ಇಟ್ಟಳು. ಏಳು. ಹಬ್ಬದಲ್ಲಿ ಎಲ್ಲವೂ ಬೆಸಸಂಖ್ಯೆಯಲ್ಲಿರಬೇಕು ಎಂದು ಅವಳಿಗೆ ಗೊತ್ತಿತ್ತು. “ನೀವು ಅಡ್ರೆಸ್ ಬರೀತೀರಾ ಗ್ರೇಸಿಬಾಯಿ? ಪತ್ರ ಬೇಡ. ರೂಲ್ ಉಂಟಲ್ಲ.”

ಏಳು ಹಸಿರು ಕಾಳು, ಮೇಲೆ ಸಣ್ಣ ಮುಳ್ಳು. ನಾನು ನೋಡುತ್ತ ಕೂತೆ. ರೂಲ್ ಏನು? ಪತ್ರ ಬರೆಯಬಾರದು. ಭತ್ತ ಪತ್ರವೇ? ಅಲ್ಲ. ಅಕ್ಷರಕ್ಕೆ ಅಕ್ಷರ ರೂಲ್ ಪಾಲಿಸುವ ಬುದ್ಧಿಯಿಂದಲೇ ನಾನು ಆ ‘ನಿಲ್’ ಬರೆದದ್ದು. ಅದೇ ಬುದ್ಧಿ ಈಗ ನನಗೆ ಬೇರೆ ದಾರಿ ತೋರಿಸಿತು. ಕಾಳನ್ನು ಬ್ಲಾಟಿಂಗ್ ಪೇಪರಿನಲ್ಲಿ ಮಡಚಿ, ಲಕೋಟೆಗೆ ಹಾಕಿ, ‘ಕುಮಾರಿ ಮೊನಿಕಾ, ಪಾಸ್ಕಲರ ಸೋಡಾ ಅಂಗಡಿ, ಕಾಪು’ ಎಂದು ಬರೆದೆ. ಹಿಂಬದಿಯಲ್ಲಿ ಕಳಿಸಿದವರ ಹೆಸರು ಬೇಕಲ್ಲ. ಖಾಲಿ ಬಿಡುವುದು ನನ್ನ ಪದ್ಧತಿಯಲ್ಲ. ‘ಲೂಸಿ’ ಎಂದು ಬರೆದು ಹೋಮಿನ ವಿಳಾಸ ಹಾಕಿದೆ. ಕೊಡೆ ಹಿಡಿದು ರಸ್ತೆಗಿಳಿದು ನಾನೇ ಡಬ್ಬಿಗೆ ಹಾಕಿ ಬಂದೆ.

ಒಂದು ದಿನ, ಎರಡು ದಿನ, ಮೂರು ದಿನ. ಲೂಸಿಗೆ ಬೊಂಬಾಯಿಗೆಂದು ಹೊಸ ಫ್ರಾಕು ಹೊಲಿದರು. ನಾಲ್ಕನೆಯ ದಿನ ಹತ್ತೂವರೆಯ ಬಸ್ಸಿನಿಂದ ಎಲಿಜಾಬಾಯಿ ಇಳಿದರು. ಕಾಪುವಿನಿಂದ ಉಡುಪಿ, ಉಡುಪಿಯಿಂದ ಎರಡನೆಯ ಬಸ್ಸು. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ, ಸೊಂಟದಲ್ಲಿ ಮೊನ್ನಿ, ಕೈಯಲ್ಲಿ ಲಕೋಟೆ ಮತ್ತು ಫಾರ್ಮು. ಕೊಡೆ ಮಡಚದೆಯೇ ಆಫೀಸಿನ ಒಳಗೆ ಬಂದರು.

“ಮದರ್, ಒಂದು ಕೇಳ್ತೇನೆ. ಯಾರೂ ಇಲ್ಲದ ಮಗುವಿಗೆ ನೊವೆಂ ಕಳಿಸಿದ್ದು ಯಾರು?”

ಮದರ್ ಕನ್ನಡಕ ಏರಿಸಿದರು. “ಎಂತ ನೊವೆಂ?”

“ಈ ಮಗು ಬಂದ ದಿನದಿಂದ ಲೂಸಿ ಲೂಸಿ ಅಂತ ನನ್ನ ಕಿವಿ ತೂತು ಮಾಡಿತು. ನಾನು ಗಂಡನ ಹತ್ತಿರ ಫಾರ್ಮ್ ಓದಿಸಿದೆ. ಒಡಹುಟ್ಟಿದವರು ನಿಲ್ ಅಂತ ಉಂಟು, ಲೂಸಿ ಅಂದ್ರೆ ಹೋಮಿನ ಜೊತೆಗಾತಿ ಇರ್ಬೇಕು ಅಂದ್ರು. ಸರಿ ಅಂತ ಸುಮ್ಮನಾದೆ. ಈಗ ಇದು ಬಂತು. ಜೊತೆಗಾತಿ ಬೇಕಾದ್ರೆ ಚಾಕಲೇಟ್ ಕಳಿಸ್ತಾಳೆ. ನೊವೆಂ ಯಾರು ಕಳಿಸ್ತಾರೆ ಮದರ್? ನಮ್ಮ ಜನದಲ್ಲಿ ಬೇರೆಯವರಿಗೆ ಯಾರಾದರೂ ಕಳಿಸಿದ್ದುಂಟಾ?”

ಮದರ್ ಫಾರ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಇದು ನಾನು ಬರೆದದ್ದಲ್ಲ,” ಎಂದರು ಮೆಲ್ಲಗೆ.

“ನಾನು ಬರೆದದ್ದು,” ಎಂದೆ. “ನಾನೇ. ಡ್ರಾಫ್ಟಿನಲ್ಲಿ ಖಾಲಿ ಇತ್ತು. ಖಾಲಿ ಬಿಡಬಾರದು ಅಂತ ನಮ್ಮ ಸಿಸ್ಟರ್ ಕಲಿಸಿದ್ದು. ನಿಲ್ ಹಾಕಿದೆ. ಆಮೇಲೆ ಗೊತ್ತಾಯಿತು. ಗೊತ್ತಾಗಿ ಎರಡು ತಿಂಗಳಾಯಿತು.”

ಮದರ್ ಬಯ್ಯುತ್ತಾರೆ ಎಂದು ಕಾದೆ. ಅವರು ಕುರ್ಚಿಗೆ ಒರಗಿದರು. “ಗ್ರೇಸಿ, ನಾನು ಅದನ್ನು ಮರೆತು ಖಾಲಿ ಬಿಟ್ಟದ್ದಲ್ಲ. ಅಕ್ಕ ಇದ್ದಾಳೆ ಅಂತ ಬರೆದರೆ ಯಾರೂ ಕರೆದುಕೊಂಡು ಹೋಗುವುದಿಲ್ಲ. ಇಲ್ಲ ಅಂತ ಬರೆಯಲಿಕ್ಕೆ ನನ್ನ ಕೈ ಬರಲಿಲ್ಲ. ಖಾಲಿ ನೋಡಿದವರು ಯಾಕೆ ಅಂತ ಒಂದು ಮಾತು ಕೇಳಲಿ, ಕೇಳಿದರೆ ಹೇಳುತ್ತೇನೆ ಅಂತ ಬಿಟ್ಟದ್ದು.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಸಹಿ ಹಾಕುವಾಗ ನಾನೂ ಓದಲಿಲ್ಲ. ನಿನ್ನ ಅಕ್ಷರ ನೋಡಿ ಖುಷಿಪಟ್ಟದ್ದೇ ಬಂತು,” ಎಂದರು.

ಎಲಿಜಾಬಾಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಇಷ್ಟು ಕಲಿತು ಎಂತ ಪ್ರಯೋಜನ ಮಾರಾಯ್ತಿ! ಮೂರು ಮೊಳದ ಹುಡುಗಿಯನ್ನು ಒಂದು ಶಬ್ದದಲ್ಲಿ ಇಲ್ಲ ಮಾಡಿದೆಯಲ್ಲ?”

ಅಷ್ಟರಲ್ಲಿ ಮೊನ್ನಿ ಅವರ ಸೊಂಟದಿಂದ ಜಾರಿ ಓಡಿದ್ದಳು. ಜಗಲಿಯಲ್ಲಿ ಪೊರಕೆ ಬಿದ್ದ ಸದ್ದು ಕೇಳಿತು. ನಾವು ಹೊರಗೆ ಬಂದು ನೋಡಿದಾಗ ಲೂಸಿ ನೆಲದಲ್ಲಿ ಕೂತು ಮೊನ್ನಿಯ ತಲೆಯನ್ನು ಬಿಚ್ಚಿ ಹೇನು ಹುಡುಕುತ್ತಿದ್ದಳು. ಎರಡು ತಿಂಗಳು ಬಿಟ್ಟುಹೋದ ಕೆಲಸ. ಅವಳ ಕಣ್ಣೀರು ಮಗುವಿನ ಬೈತಲೆಗೆ ಬೀಳುತ್ತಿತ್ತು, ಬೆರಳು ಮಾತ್ರ ನಿಲ್ಲಲಿಲ್ಲ.

ಎಲಿಜಾಬಾಯಿ ಅದನ್ನು ನೋಡುತ್ತ ನಿಂತರು. “ನಮ್ಮದು ಒಂದೇ ಕೋಣೆ ಮದರ್. ಇವರು ಒಪ್ಪಬೇಕು. ಇಬ್ಬರನ್ನು ಸಾಕುತ್ತೇನೆ ಅಂತ ನಾನೊಬ್ಬಳೇ ಹೇಳಲಿಕ್ಕಾಗುವುದಿಲ್ಲ,” ಎಂದರು. ಆದರೆ ಅವರು ಮುಗಿಸಿರಲಿಲ್ಲ. “ಆದ್ರೆ ನೊವೆಂ ಕಳಿಸಿದವಳನ್ನು ಊಟಕ್ಕೆ ಕರೆಯದೆ ಇರ್ಲಿಕ್ಕಾಗ್ತದಾ? ನಾಳೆವರೆಗೆ ಕಳಿಸಿಕೊಡಿ. ಊಟ ಮಾಡಿ ಬರಲಿ.”

“ನಾಳೆ ಸಂಜೆಯೊಳಗೆ,” ಎಂದರು ಮದರ್. ಡ್ರಾಯರಿನಿಂದ ಒಂದು ಹೊಸ ಫಾರ್ಮು ತೆಗೆದು ನನ್ನ ಕೈಗಿಟ್ಟರು. “ನೀನೂ ಹೋಗು. ಇದನ್ನು ತಗೊಂಡು ಹೋಗು. ಬೇಕಾದರೆ ಮಾತ್ರ ಬರಿ. ಬೇಡವಾದರೆ, ದಯವಿಟ್ಟು, ಖಾಲಿ ತಾ.”

ಬಸ್ಸಿನ ಕಿಟಕಿಗೆ ಟಾರ್ಪಾಲಿನ ಪರದೆ. ಅದರ ಸಂದಿನಲ್ಲಿ ಲೂಸಿ ಲೋಕ ನೋಡಿದಳು. ಪರ್ಕಳ ದಾಟಿತು. ಮಣಿಪಾಲದ ಗುಡ್ಡದಲ್ಲಿ ಮೆಡಿಕಲ್ ಕಾಲೇಜಿನ ಕಟ್ಟಡಗಳು ಆಗ ಏಳುತ್ತಿದ್ದವು. ಕೆಂಪು ಮಣ್ಣಿನ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಉಡುಪಿಯಲ್ಲಿ ಬಸ್ಸು ಬದಲಿಸಿ, ಕಟಪಾಡಿ ಕಳೆದು ಕಾಪು ತಲುಪಿದಾಗ ಮಳೆ ನಿಂತು ಸಮುದ್ರದ ಕಡೆಯಿಂದ ಸಂಜೆಯ ಹಳದಿ ಬೆಳಕು ಬಂದಿತ್ತು. ದೂರದಲ್ಲಿ ದೀಪಸ್ತಂಭ.

ಪಾಸ್ಕಲ್ ಅಂಗಡಿಯಲ್ಲಿ ಬಾಟ್ಲಿಗಳಿಗೆ ಗ್ಯಾಸ್ ತುಂಬುತ್ತಿದ್ದರು. ಒಬ್ಬಳನ್ನು ಕರೆದುಕೊಂಡು ಹೋದ ಹೆಂಡತಿ ಮೂವರನ್ನು ತಂದದ್ದನ್ನು ನೋಡಿ, ಬಾಟ್ಲಿ ಕೆಳಗಿಟ್ಟು ಒಳಗೆ ನಡೆದರು. ಎಲಿಜಾಬಾಯಿ ಹಿಂದೆಯೇ ಹೋಗಿ ಮೆಲ್ಲಗೆ ಎಲ್ಲ ಹೇಳಿದ್ದು ಕೇಳುತ್ತಿತ್ತು. “ಜಾಗ ಎಲ್ಲುಂಟು?” ಎಂಬ ಪಾಸ್ಕಲರ ಮಾತೂ ಕೇಳಿತು. ಲೂಸಿಗೂ ಕೇಳಿರಬೇಕು. ಅವಳು ಎದ್ದು, ತೊಟ್ಟಿಯ ಹತ್ತಿರ ಕೂತು, ಖಾಲಿ ಬಾಟ್ಲಿಗಳನ್ನು ತೊಳೆಯತೊಡಗಿದಳು. ಬೇಗ ಬೇಗ, ಒಂದರ ನಂತರ ಒಂದು. ತನ್ನಿಂದ ಉಪಯೋಗ ಉಂಟು ಎಂದು ತೋರಿಸುವ ದಾರಿ ಅವಳಿಗೆ ಅದೊಂದೇ ಗೊತ್ತಿತ್ತು. ನನಗೆ ಅಪ್ಪೊಲಿನ್ ನೆನಪಾದಳು. ನಾನು ಅತ್ತ ನೋಡಲಾರದೆ ಸಮುದ್ರದ ಕಡೆ ತಿರುಗಿದೆ.

ಪಾಸ್ಕಲ್ ಹೊರಗೆ ಬಂದರು. ಲೂಸಿಯ ಕೈಯಿಂದ ಬಾಟ್ಲಿ ತೆಗೆದು ಪಕ್ಕಕ್ಕಿಟ್ಟರು.

“ಯಾರು ಹೇಳಿದ್ದು ನಿನಗೆ ಇದನ್ನು ತೊಳಿ ಅಂತ?”

ಲೂಸಿ ತಲೆ ತಗ್ಗಿಸಿದಳು.

“ಎಷ್ಟನೇ ಕ್ಲಾಸು?”

“ಮೂರು.”

“ಹಾಗಾದ್ರೆ ಲೆಕ್ಕ ಬರ್ತದಲ್ಲ. ನಮ್ಮ ಮನೆಯಲ್ಲಿ ಇವತ್ತು ಎಷ್ಟು ಎಲೆ ಹಾಕಬೇಕು, ಒಳಗೆ ಹೋಗಿ ಹೇಳ್ತೀಯಾ?”

ಲೂಸಿ ಒಳಗೆ ಓಡಿದಳು. ಪಾಸ್ಕಲ್ ಆ ಬಾಟ್ಲಿಯನ್ನು ತಾವೇ ತೊಳೆಯುತ್ತ, ನನ್ನನ್ನು ನೋಡದೆ ಹೇಳಿದರು: “ನನ್ನ ಹೆಂಡತಿ ಆ ಕಾಳನ್ನು ಅರೆಯಲೇ ಇಲ್ಲ. ಮೂರು ದಿನದಿಂದ ದೇವರ ಅಲ್ತಾರಿನ ಮೇಲೆ ಇಟ್ಟು ಕೂತಿದ್ದಾಳೆ. ಕಳಿಸಿದವರು ಬರದೆ ತಿನ್ನಬಾರದಂತೆ. ಎಲ್ಲಿಯ ಶಾಸ್ತ್ರವೋ, ನಾನಂತೂ ಕೇಳಿಲ್ಲ.” ಬಾಟ್ಲಿಯನ್ನು ಬೋರಲು ಹಾಕಿದರು. “ಮೂರು ದಿನ ನನಗೂ ನಿದ್ದೆ ಇಲ್ಲ.”

ಆ ಏಳು ಕಾಳು ಒಣಗಿ ಗಟ್ಟಿಯಾಗಿದ್ದವು. ಎಲಿಜಾಬಾಯಿ ನೆನೆಸಿ, ಸುಲಿದು, ಕಲ್ಲಿನಲ್ಲಿ ಅರೆದು ಒಂದು ಬಟ್ಟಲು ತೆಂಗಿನ ಹಾಲಿಗೆ ಹಾಕಿದರು. ಐದು ಎಲೆ ಹಾಕಿದ್ದರು. ನನ್ನ ಎಲೆಗೂ ಒಂದು ಚಮಚ ಬಂದಾಗ ನಾನು ಕೈ ಅಡ್ಡ ಹಿಡಿದೆ. “ನನಗೆ ಬೇಡ, ನಾನು ಮನೆಯವಳಲ್ಲ.”

“ಕೂತ್ಕೋ ಸುಮ್ಮನೆ,” ಎಂದರು ಎಲಿಜಾಬಾಯಿ. “ಇಲ್ಲ ಅಂತ ಬರೆದದ್ದೂ ನೀನೇ, ಅಡ್ರೆಸ್ ಬರೆದದ್ದೂ ನೀನೇ. ತಿನ್ನು.”

ಮೊನ್ನಿ ಲೂಸಿಯ ಮಡಿಲಲ್ಲಿ ಕೂತು, ತನ್ನ ಪಾಲು ತಿಂದು, ಅಕ್ಕನ ಎಲೆಗೂ ಕೈ ಹಾಕಿದಳು.

ಊಟ ಆದ ಮೇಲೆ ಪಾಸ್ಕಲ್ ಕೈ ಒರೆಸಿಕೊಂಡು, “ತೆಗೀರಿ ಆ ಫಾರ್ಮು,” ಎಂದರು. ಲಾಂದ್ರದ ಬೆಳಕಿನಲ್ಲಿ ಬರೆದೆ. ಹೆಸರು ಲೂಸಿ. ವಯಸ್ಸು ಒಂಬತ್ತು. ಒಡಹುಟ್ಟಿದವರು: ಮೊನಿಕಾ. ಮನೆಯಲ್ಲಿರುವವರ ಸಂಖ್ಯೆ ಎಂಬಲ್ಲಿ ಪೆನ್ನೆತ್ತಿ ಅವರ ಮುಖ ನೋಡಿದೆ.

“ನಾಲ್ಕು ಅಂತ ಬರೀರಿ. ದಪ್ಪಗೆ ಬರೀರಿ. ಯಾರೂ ಆಮೇಲೆ ತಿದ್ದಬಾರದು.”

ಮರುದಿನ ನಾನೊಬ್ಬಳೇ ಗುಡ್ಡ ಹತ್ತಿದೆ. ಮದರ್ ಫಾರ್ಮನ್ನು ಈ ಸಲ ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿ ಸಹಿ ಹಾಕಿದರು. ಬೊಂಬಾಯಿಗೆ, ಹುಡುಗಿಗೆ ಮನೆ ಸಿಕ್ಕಿತು ಎಂದು ಬರೆಯಲು ಹೇಳಿದರು. ಅಪ್ಪೊಲಿನ್‌ಳನ್ನು ವಿಚಾರಿಸಲು ಅಲ್ಲಿಯ ಪಾದ್ರಿಗೂ ಅದೇ ದಿನ ಒಂದು ಪತ್ರ ಹೋಯಿತು. ಉತ್ತರ ನಾನಿದ್ದಷ್ಟು ದಿನ ಬರಲಿಲ್ಲ. ಎಲ್ಲ ಮಕ್ಕಳ ಕಥೆಯೂ ಕಾಪುವಿಗೆ ಹೋಗಿ ಮುಗಿಯಲಿಲ್ಲ ಎಂಬುದನ್ನು ಹೇಳದೆ ಬಿಟ್ಟರೆ ಅದೂ ಒಂದು ಸುಳ್ಳಾಗುತ್ತದೆ. ಆದರೆ ಆ ವರ್ಷದ ನಂತರ ಹೋಮಿನಲ್ಲಿ ಒಡಹುಟ್ಟಿದವರ ಹೆಸರನ್ನು ಮರೆಮಾಚದೆ ಬರೆಯುವ ಕ್ರಮ ಬಂತು. ಹೋದ ಮಕ್ಕಳಿಗೆ ಮೊಂತಿ ಫೆಸ್ಟಿಗೆ ಕಾಳು ಕಳಿಸುವ ಕ್ರಮವೂ ಬಂತು. ಪತ್ರ ಇಲ್ಲ, ಕಾಳು ಮಾತ್ರ. ರೂಲ್ ರೂಲೇ.

ಮುಂದಿನ ಜೂನಿನಲ್ಲಿ ನಾನು ಟ್ರೈನಿಂಗಿಗೆ ಹೋದೆ, ಟೀಚರ್ ಆದೆ, ಮೂವತ್ತೈದು ವರ್ಷ ಮಕ್ಕಳ ಅಕ್ಷರ ತಿದ್ದಿದೆ. ಮೊನ್ನಿ ನರ್ಸ್ ಆಗಿ ಕುವೈಟಿಗೆ ಹೋಗಿ, ಮೊಮ್ಮಕ್ಕಳನ್ನು ಕಂಡು ಈಗ ಕಟಪಾಡಿಯಲ್ಲಿದ್ದಾಳೆ. ಬಾಯಿ ಇನ್ನೂ ಮುಚ್ಚಿಲ್ಲ. ಪಾಸ್ಕಲ್ ಮತ್ತು ಎಲಿಜಾಬಾಯಿ ಮಣ್ಣಾಗಿ ಬಹಳ ವರ್ಷವಾಯಿತು. ಪ್ರತಿ ಸೆಪ್ಟೆಂಬರಿನಲ್ಲಿ ಮಾತ್ರ, ನಾನು ಯಾವ ಊರಿನ ಶಾಲೆಯಲ್ಲಿದ್ದರೂ, ಕಾಪುವಿನಲ್ಲೇ ಉಳಿದ ಲೂಸಿಯಿಂದ ಒಂದು ಲಕೋಟೆ ಬರುತ್ತಿತ್ತು. ಒಳಗೆ ಏಳು ಕಾಳು. ಈಚೆಗೆ ಟಪಾಲನ್ನು ನಂಬದೆ ಅವಳೇ ಬಸ್ಸು ಹತ್ತಿ ಬಂದು ಕೊಡುತ್ತಾಳೆ.

“ಏನು, ಪರೀಕ್ಷೆಯಲ್ಲಿ ಫೇಲಾದವಳ ಹಾಗೆ ಕೂತಿದ್ದೀರಿ?” ಎಂಬ ದನಿ ಕೇಳಿ ಕಣ್ಣು ತೆರೆದೆ. ಕಡ್ಡಿಯಂಥ ಒಂದು ಆಕಾರ, ಬಿಳಿ ಕೂದಲು, ಕೈಯಲ್ಲಿ ಔಷಧದ ಚೀಲ. ಮುಖ ಮಸುಕು.

“ಇವರು ಈ ಕಾಲಂ ಖಾಲಿ ಬಿಟ್ಟಿದ್ದಾರೆ ಆಂಟಿ,” ಎಂದು ಹುಡುಗಿ ದೂರು ಹೇಳಿದಳು.

“ಗ್ರೇಸಿಬಾಯಿಯಾ? ಖಾಲಿಯಾ?” ಲೂಸಿ ನಕ್ಕಳು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಕಾಗದದ ಮೇಲೆ ಪೆನ್ನಿನ ಸದ್ದು ಕೇಳಿತು. ಏನು ಬರೆದಳು ಎಂದು ನನಗೆ ಕಾಣಲಿಲ್ಲ, ನಾನು ಕೇಳಲೂ ಇಲ್ಲ.

ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದರು. ಕಿಟಕಿಯ ಬೆಳಕು ಇಷ್ಟು ಬಿಳಿ ಇರುತ್ತದೆ ಎಂಬುದೇ ಮರೆತುಹೋಗಿತ್ತು. ಡಿಸ್‌ಚಾರ್ಜ್ ಫೈಲಿನಲ್ಲಿ ಆ ಫಾರ್ಮಿನ ಪ್ರತಿ ಇತ್ತು. ಹೊಸ ಕಣ್ಣಿನಿಂದ ನಾನು ಓದಿದ ಮೊದಲ ಅಕ್ಷರ ಅದೇ. ಹತ್ತಿರದ ಸಂಬಂಧಿ: ಲೂಸಿ, ಕಾಪು. ಸಂಬಂಧ: ಮನೆಯವಳು.

ಅಕ್ಷರ ಅಷ್ಟೇನೂ ನೀಟಾಗಿರಲಿಲ್ಲ, ಸಾಲು ಮೇಲಕ್ಕೆ ಏರಿತ್ತು. ನಾನು ತಿದ್ದಲು ಹೋಗಲಿಲ್ಲ.